ಸ್ವೀಪರ್ ಡೆಲ್ಲಾಸ್: ಗ್ರೀಸಿಗೆ ಬೆಳ್ಳಿ ಗೋಲು ಹೊಡೆದವರು, ಎಇಕೆ ತಂಡವನ್ನು ಮೂರನೇ ದರ್ಜೆಯಿಂದ ಮೇಲೆ ತಂದವರು

ಯೂರೋ ಕಪ್ ಬರಲಿ, ವಿಶ್ವಕಪ್ ಬರಲಿ, ಚಿಕ್ಕ ತಂಡವೊಂದು ದೊಡ್ಡ ತಂಡವನ್ನು ತಡೆದು ನಿಲ್ಲಿಸಿದರೆ ಸಾಕು, ವೀಕ್ಷಕ ವಿವರಣೆ ಕೊಡುವವರ ಬಾಯಲ್ಲಿ ‘2004ರ ಗ್ರೀಸ್’ ಎಂಬ ಮಾತು ಬಂದೇ ಬರುತ್ತದೆ. ಈಚೆಗೆ ಫುಟ್‌ಬಾಲ್ ನೋಡಲು ಶುರುಮಾಡಿದವರಿಗೆ ಇದು ಅರ್ಥವಾಗುವುದಿಲ್ಲ. ಗ್ರೀಸ್ ಯಾವಾಗ ಗೆದ್ದಿತು? ಹೇಗೆ ಗೆದ್ದಿತು? ‘ಬೆಳ್ಳಿ ಗೋಲು’ ಎಂಬ ನಿಯಮವೊಂದು ಇತ್ತಂತೆ, ಅದೇನು? ಆ ತಂಡದವರು ಆಮೇಲೆ ಏನಾದರು?

ಈ ಪ್ರಶ್ನೆಗಳಿಗೆಲ್ಲ ಒಬ್ಬ ಆಟಗಾರನ ವೃತ್ತಿಜೀವನದಲ್ಲೇ ಉತ್ತರ ಸಿಗುತ್ತದೆ. ಅವರು ಟ್ರಯಾನೋಸ್ ಡೆಲ್ಲಾಸ್. ಗ್ರೀಸ್ ಪರ 53 ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು. ಆ ಒಂದು ಗೋಲು ಯೂರೋ ಸೆಮಿಫೈನಲ್‌ನ ಕೊನೆಯ ಕ್ಷಣದಲ್ಲಿ ಬಂತು. ಒಂಬತ್ತು ವರ್ಷಗಳ ನಂತರ, ತಾವು ಆಡಿದ್ದ ಕ್ಲಬ್ ದಿವಾಳಿಯಾಗಿ ಮೂರನೇ ದರ್ಜೆಗೆ ಬಿದ್ದಾಗ ಅದರ ಮ್ಯಾನೇಜರ್ ಆಗಿದ್ದವರೂ ಅವರೇ. ಡಿಫೆಂಡರ್‌ನ ಕೆಲಸ ಅಂಕಿಅಂಶಗಳಲ್ಲಿ ಕಾಣಿಸುವುದು ಬಹಳ ಕಡಿಮೆ. ಆದ್ದರಿಂದ ಮೊದಲು ಆ ಕೆಲಸವನ್ನೇ ತಿಳಿದುಕೊಳ್ಳಬೇಕು.

ಹಿಂದಿನ ಸಾಲು ಕಾಯುವ ಎರಡು ಪದ್ಧತಿ

ಗೋಲ್‌ಕೀಪರ್ ಬಿಟ್ಟರೆ ತಂಡದಲ್ಲಿ 10 ಮಂದಿ. ಸಾಮಾನ್ಯವಾಗಿ ಅವರಲ್ಲಿ ನಾಲ್ವರು ಡಿಫೆಂಡರ್‌ಗಳು. ಎಡ ಬಲ ಅಂಚಿನಲ್ಲಿ ನಿಲ್ಲುವವರು ಫುಲ್‌ಬ್ಯಾಕ್. ನಡುವೆ, ಗೋಲಿನ ಎದುರಿಗೆ ನಿಲ್ಲುವ ಇಬ್ಬರು ಸೆಂಟರ್‌ಬ್ಯಾಕ್.

ಎದುರಾಳಿಯನ್ನು ತಡೆಯಲು ಎರಡು ದಾರಿಗಳಿವೆ. ಒಂದು, ಜಾಗ ಕಾಯುವುದು. ಪ್ರತಿಯೊಬ್ಬರಿಗೂ ಮೈದಾನದ ಒಂದು ಭಾಗ ಸೇರಿದ್ದು. ಅಲ್ಲಿಗೆ ಯಾರು ಬಂದರೂ ಅವರೇ ನೋಡಿಕೊಳ್ಳಬೇಕು, ಆಚೆ ಹೋದರೆ ಪಕ್ಕದವರಿಗೆ ಬಿಟ್ಟುಕೊಡಬೇಕು. ಇನ್ನೊಂದು, ಆಳು ಕಾಯುವುದು. ‘ನೀನು ಒಂಬತ್ತನೇ ನಂಬರಿನವನನ್ನು ಹಿಡಿ’ ಎಂದರೆ ಮುಗಿಯಿತು. ಅವನು ಬಲಕ್ಕೆ ಹೋದರೆ ನೀನೂ ಬಲಕ್ಕೆ, ನೀರು ಕುಡಿಯಲು ಗೆರೆಯಂಚಿಗೆ ಹೋದರೆ ಅಲ್ಲಿಗೂ.

ಜಾಗ ಕಾಯುವುದಕ್ಕೆ ನಾಲ್ವರೂ ಒಂದೇ ಸಾಲಿನಲ್ಲಿ, ಒಂದೇ ಲಯದಲ್ಲಿ ಮುಂದೆ ಹಿಂದೆ ಸರಿಯುವ ಅಭ್ಯಾಸ ಬೇಕು. ವಾರಕ್ಕೆ ಐದು ದಿನ ಜೊತೆಯಲ್ಲಿರುವ ಕ್ಲಬ್ ತಂಡಕ್ಕೆ ಅದು ಸಾಧ್ಯ. ವರ್ಷದಲ್ಲಿ ಕೆಲವೇ ವಾರ ಸೇರುವ ರಾಷ್ಟ್ರೀಯ ತಂಡಕ್ಕೆ ಕಷ್ಟ. ಆಳು ಕಾಯುವುದು ಹೇಳಿಕೊಡಲು ಸುಲಭ. ಆದರೆ ಅದರಲ್ಲೊಂದು ದೊಡ್ಡ ಅಪಾಯವಿದೆ. ಕಾಯುತ್ತಿರುವವನು ಒಮ್ಮೆ ಸೋತರೆ ಅವನ ಹಿಂದೆ ಯಾರೂ ಇರುವುದಿಲ್ಲ. ಉಳಿದವರೆಲ್ಲ ತಮ್ಮ ತಮ್ಮ ಆಳಿನ ಬೆನ್ನು ಹತ್ತಿರುತ್ತಾರೆ. ಈ ತೂತು ಮುಚ್ಚಲೆಂದೇ ಇಡುವ ಒಬ್ಬ ಹೆಚ್ಚಿನ ಆಟಗಾರ ಸ್ವೀಪರ್. ಲಿಬೆರೊ ಎಂದೂ ಕರೆಯುತ್ತಾರೆ.

ಸ್ವೀಪರ್ ಏನು ಮಾಡುತ್ತಾನೆ, ಎಲ್ಲಿ ಎಡವುತ್ತಾನೆ

ಬೀದಿ ಕ್ರಿಕೆಟ್‌ನಲ್ಲಿ ವಿಕೆಟ್‌ಕೀಪರ್ ಹಿಂದೆ ಒಬ್ಬನನ್ನು ಲಾಂಗ್‌ಸ್ಟಾಪ್ ನಿಲ್ಲಿಸುತ್ತೇವಲ್ಲ, ಸ್ವೀಪರ್ ಹೆಚ್ಚು ಕಡಿಮೆ ಹಾಗೆಯೇ. ಬ್ಯಾಟ್ಸ್‌ಮನ್‌ನೂ ಬಿಟ್ಟ, ಕೀಪರನೂ ಬಿಟ್ಟ ಚೆಂಡು ಅವನ ಪಾಲಿಗೆ. ಅವನಿಗೆ ಕಾಯಲು ಇಂಥವನೇ ಎಂಬ ಎದುರಾಳಿ ಇಲ್ಲ. ಉಳಿದ ಡಿಫೆಂಡರ್‌ಗಳಿಗಿಂತ ಕೆಲವು ಮೀಟರ್ ಹಿಂದೆ ನಿಂತು, ಇಡೀ ಆಟವನ್ನು ಮುಖಕ್ಕೆ ಮುಖವಾಗಿ ನೋಡುತ್ತಾನೆ.

ಅವನ ಕೆಲಸದ ಮೊದಲ ಭಾಗ ರಕ್ಷಣೆಯ ರಕ್ಷಣೆ. ತನ್ನವನೊಬ್ಬ ಸೋತು ಎದುರಾಳಿ ನುಗ್ಗಿದರೆ ಅಡ್ಡ ಬರಬೇಕು. ಎರಡನೆಯದು, ಉದ್ದಕ್ಕೆ ಬಂದ ಚೆಂಡನ್ನು ಮೊದಲೇ ಅಂದಾಜು ಮಾಡಿ ಹೋಗಿ ನಿಲ್ಲಬೇಕು. ಇದೇ ಅತಿ ಮುಖ್ಯ. ಒಳ್ಳೆಯ ಸ್ವೀಪರ್ ಟ್ಯಾಕಲ್ ಮಾಡಿ ನೆಲಕ್ಕುರುಳುವುದು ಅಪರೂಪ, ಚೆಂಡು ಬರುವ ಹೊತ್ತಿಗೆ ಅವನು ಅಲ್ಲಿರುತ್ತಾನೆ. ಮೂರನೆಯದು ಮಾತು. ಮುಂದಿನವರಿಗೆ ತಮ್ಮ ಬೆನ್ನ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ, ಅವನಿಗೆ ಕಾಣುತ್ತದೆ. ಆದ್ದರಿಂದ 90 ನಿಮಿಷವೂ ಕೂಗಿ ಹೇಳುತ್ತಲೇ ಇರಬೇಕು.

2004ರ ಹೊತ್ತಿಗೆ ಈ ಪದ್ಧತಿ ಬಹುತೇಕ ಮರೆಯಾಗಿತ್ತು. ಕಾರಣ ಆಫ್‌ಸೈಡ್ ನಿಯಮ. ಸಹ ಆಟಗಾರ ಚೆಂಡು ಒದೆಯುವ ಕ್ಷಣದಲ್ಲಿ, ಎದುರಾಳಿ ಅರ್ಧದಲ್ಲಿರುವ ದಾಳಿಕಾರ ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿರುವಂತಿಲ್ಲ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಹಾಗಾಗಿ ಲೆಕ್ಕಕ್ಕೆ ಬರುವುದು ಕೊನೆಯ ಡಿಫೆಂಡರ್ ಎಲ್ಲಿದ್ದಾನೆ ಎಂಬುದು. ನಾಲ್ವರು ಒಂದೇ ಸಾಲಿನಲ್ಲಿ ಮುಂದೆ ಸರಿದರೆ ದಾಳಿಕಾರರೂ ಗೋಲಿನಿಂದ ದೂರ ಸರಿಯಬೇಕಾಗುತ್ತದೆ. ಸ್ವೀಪರ್ ಒಬ್ಬನೇ ಹಿಂದೆ ಉಳಿದರೆ ಅವನ ತನಕವೂ ದಾಳಿಕಾರರು ಬರಬಹುದು, ಆಫ್‌ಸೈಡ್ ಆಗುವುದಿಲ್ಲ.

ಬೇರೆ ತೊಂದರೆಗಳೂ ಇವೆ. ಎದುರಾಳಿ ಒಬ್ಬನೇ ಸ್ಟ್ರೈಕರ್‌ನನ್ನು ಆಡಿಸಿದರೆ ಹಿಂದೆ ಜನ ಹೆಚ್ಚಾಗಿ ಮಿಡ್‌ಫೀಲ್ಡಿನಲ್ಲಿ ಕಡಿಮೆಯಾಗುತ್ತಾರೆ. ಕಾಯುವವರನ್ನು ಎದುರಾಳಿ ಉಪಾಯವಾಗಿ ಅಂಚಿಗೆ ಎಳೆದೊಯ್ದರೆ ನಡುವೆ ಸ್ವೀಪರ್ ಒಂಟಿಯಾಗುತ್ತಾನೆ. ಅವನು ತೀರಾ ಹಿಂದೆ ನಿಂತರೆ ಅವನಿಗೂ ಮುಂದಿನವರಿಗೂ ನಡುವೆ ಬಿದ್ದ ಜಾಗದಿಂದ, ಸುಮಾರು 20 ಮೀಟರ್ ದೂರದಿಂದ, ಎದುರಾಳಿ ಆರಾಮವಾಗಿ ಶಾಟ್ ಹೊಡೆಯಬಹುದು. ಜರ್ಮನಿ 2000ದ ಯೂರೋದಲ್ಲಿ 39 ವರ್ಷದ ಲೊಥಾರ್ ಮಥಾಯಸ್ ಅವರನ್ನು ಸ್ವೀಪರ್ ಆಗಿ ಆಡಿಸಿ, ಒಂದೇ ಅಂಕ ಗಳಿಸಿ ಗುಂಪಿನಲ್ಲೇ ಹೊರಬಿದ್ದಿತ್ತು. ಅಲ್ಲಿಗೆ ಸ್ವೀಪರ್ ಕಾಲ ಮುಗಿಯಿತೆಂದು ಎಲ್ಲರೂ ತೀರ್ಮಾನಿಸಿದ್ದರು.

ಥೆಸಲೊನಿಕಿಯಿಂದ ರೋಮಿಗೆ

ಡೆಲ್ಲಾಸ್ ಹುಟ್ಟಿದ್ದು 1976ರ ಜನವರಿ 31ರಂದು, ಗ್ರೀಸಿನ ಎರಡನೇ ದೊಡ್ಡ ನಗರ ಥೆಸಲೊನಿಕಿಯಲ್ಲಿ. ಆಟ ಕಲಿತದ್ದು ಅದೇ ಊರಿನ ಅರಿಸ್ ಕ್ಲಬ್ಬಿನಲ್ಲಿ. ಎತ್ತರ ಸುಮಾರು 1.96 ಮೀಟರ್. 1997ರಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿದ್ದ ಶೆಫೀಲ್ಡ್ ಯುನೈಟೆಡ್ ಸೇರಿದರು. ಅಲ್ಲಿ ಎರಡು ಋತುಗಳಲ್ಲಿ ಆಡಲು ಸಿಕ್ಕ ಲೀಗ್ ಪಂದ್ಯಗಳು 26 ಮಾತ್ರ. 1999ರಲ್ಲಿ ಗ್ರೀಸಿಗೆ ಮರಳಿ ಎಇಕೆ ಅಥೆನ್ಸ್ ಸೇರಿದರು, 2000ದಲ್ಲಿ ಗ್ರೀಕ್ ಕಪ್ ಗೆದ್ದರು.

ಅಲ್ಲಿಂದ ಇಟಲಿ. ಒಂದು ವರ್ಷ ಪೆರೂಜಾ, ನಂತರ 2002ರಿಂದ 2005ರವರೆಗೆ ರೋಮಾ. ಫ್ಯಾಬಿಯೊ ಕಪೆಲ್ಲೊ ಆಗ ರೋಮಾ ಕೋಚ್. 2003–04ರ ಇಟಾಲಿಯನ್ ಲೀಗ್‌ನಲ್ಲಿ ರೋಮಾ ಎರಡನೇ ಸ್ಥಾನ ಪಡೆಯಿತು. 34 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 19 ಗೋಲು. ವಾಲ್ಟರ್ ಸ್ಯಾಮುಯೆಲ್, ಕ್ರಿಸ್ಟಿಯನ್ ಕಿವು, ಕ್ರಿಸ್ಟಿಯನ್ ಪನುಚಿ ಅಂಥವರಿದ್ದ ಆ ಹಿಂದಿನ ಸಾಲಿನಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸುತ್ತ, ಆ ಋತು ಮುಗಿಸಿ ಡೆಲ್ಲಾಸ್ ನೇರವಾಗಿ ಪೋರ್ಚುಗಲ್‌ಗೆ, ಯೂರೋ ಟೂರ್ನಿಗೆ ಹೋದರು.

2004: ಗ್ರೀಸ್ ಹೇಗೆ ಗೆದ್ದಿತು

ಅದಕ್ಕೂ ಮೊದಲು ಗ್ರೀಸ್ ಎರಡೇ ದೊಡ್ಡ ಟೂರ್ನಿಗಳಲ್ಲಿ ಆಡಿತ್ತು, ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. 1980ರ ಯೂರೋದಲ್ಲಿ ಒಂದು ಡ್ರಾ. 1994ರ ವಿಶ್ವಕಪ್‌ನಲ್ಲಿ ಮೂರೂ ಸೋಲು, ಒಂದೂ ಗೋಲಿಲ್ಲ, ಬಿಟ್ಟುಕೊಟ್ಟದ್ದು 10.

2001ರಲ್ಲಿ ಜರ್ಮನಿಯ ಒಟ್ಟೊ ರೆಹಾಗೆಲ್ ಕೋಚ್ ಆಗಿ ಬಂದರು. ಅವರೂ ಹಿಂದೆ ಡಿಫೆಂಡರ್ ಆಗಿದ್ದವರು. 1998ರಲ್ಲಿ, ಆಗತಾನೆ ಮೇಲಿನ ದರ್ಜೆಗೆ ಬಡ್ತಿ ಪಡೆದಿದ್ದ ಕೈಸರ್ಸ್‌ಲಾಟರ್ನ್ ತಂಡಕ್ಕೆ ಜರ್ಮನ್ ಲೀಗ್ ಪ್ರಶಸ್ತಿ ಗೆದ್ದುಕೊಟ್ಟಿದ್ದರು. ಗ್ರೀಸ್ ಜೊತೆ ಅವರ ಮೊದಲ ಪಂದ್ಯ ಫಿನ್ಲೆಂಡ್ ಎದುರು 1–5ರ ಸೋಲು. ಯೂರೋ ಅರ್ಹತಾ ಸುತ್ತಿನ ಮೊದಲ ಎರಡು ಪಂದ್ಯಗಳಲ್ಲೂ ಸ್ಪೇನ್ ಮತ್ತು ಉಕ್ರೇನ್ ಎದುರು 0–2ರ ಸೋಲು. ಆಮೇಲೆ ಸತತ ಆರು ಗೆಲುವು, ಗುಂಪಿನಲ್ಲಿ ಮೊದಲ ಸ್ಥಾನ. ಎಂಟು ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು. ತಂಡ ಯಾವ ದಾರಿ ಹಿಡಿದಿದೆ ಎಂಬುದು ಈ ಒಂದು ಅಂಕಿಯಲ್ಲೇ ಇದೆ.

ಪೋರ್ಚುಗಲ್‌ನಲ್ಲಿ ಮೊದಲ ಪಂದ್ಯದಲ್ಲೇ ಆತಿಥೇಯರನ್ನು 2–1ರಿಂದ ಸೋಲಿಸಿದರು. ಸ್ಪೇನ್ ಜೊತೆ 1–1 ಡ್ರಾ. ರಷ್ಯಾ ಎದುರು 1–2 ಸೋಲು. ಸ್ಪೇನ್‌ಗೂ ಗ್ರೀಸಿಗೂ ತಲಾ 4 ಅಂಕ, ಗೋಲು ವ್ಯತ್ಯಾಸವೂ ಸಮ. ಗ್ರೀಸ್ 4 ಗೋಲು ಹೊಡೆದಿತ್ತು, ಸ್ಪೇನ್ 2. ಅಷ್ಟರಿಂದ ಗ್ರೀಸ್ ಉಳಿಯಿತು.

ರಷ್ಯಾ ಎದುರಿನ 17ನೇ ನಿಮಿಷದ ಗೋಲೇ ಆ ಟೂರ್ನಿಯಲ್ಲಿ ಗ್ರೀಸ್ ಬಿಟ್ಟುಕೊಟ್ಟ ಕೊನೆಯ ಗೋಲು. ಆ ಪಂದ್ಯದಲ್ಲಿ ಉಳಿದ 73 ನಿಮಿಷ, ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ ಎದುರು 90, ಸೆಮಿಫೈನಲ್‌ನಲ್ಲಿ ಚೆಕ್ ಗಣರಾಜ್ಯದ ಎದುರು 105, ಫೈನಲ್‌ನಲ್ಲಿ ಮತ್ತೆ ಪೋರ್ಚುಗಲ್ ಎದುರು 90. ಗಾಯದ ಸಮಯ ಬಿಟ್ಟು ಒಟ್ಟು 358 ನಿಮಿಷ ಗ್ರೀಸ್ ಗೋಲಿನೊಳಗೆ ಚೆಂಡು ಹೋಗಲಿಲ್ಲ. ಎದುರಿಗಿದ್ದವರು ಆನ್ರಿ, ಜಿದಾನ್, ಬಾರೋಶ್, ಫಿಗೊ, ರೊನಾಲ್ಡೊ. ನನ್ನ ಮಟ್ಟಿಗೆ ಡೆಲ್ಲಾಸ್ ಅವರ ನಿಜವಾದ ಸಾಧನೆ ಇದು. ಗೋಲು ಹೊಡೆದದ್ದು ಇದರ ಮುಂದೆ ಚಿಕ್ಕದು.

ಹೇಗೆ ಸಾಧ್ಯವಾಯಿತು? ಸೆಮಿಫೈನಲ್ ನೋಡಿದರೆ ಸ್ಪಷ್ಟವಾಗುತ್ತದೆ. ಚೆಕ್ ತಂಡ ಅದುವರೆಗೆ ನಾಲ್ಕೂ ಪಂದ್ಯ ಗೆದ್ದು 10 ಗೋಲು ಹೊಡೆದಿತ್ತು. ಮುಂದೆ ಇಬ್ಬರು ಸ್ಟ್ರೈಕರ್‌ಗಳು: 2.02 ಮೀಟರ್ ಎತ್ತರದ ಯಾನ್ ಕೊಲರ್, ಐದು ಗೋಲು ಹೊಡೆದಿದ್ದ ಮಿಲಾನ್ ಬಾರೋಶ್. ಈ ಜೋಡಿಯ ಸರಳ ಸೂತ್ರವೆಂದರೆ, ಉದ್ದನೆಯ ಚೆಂಡು ಕೊಲರ್ ತಲೆಗೆ, ಅವರು ತಲೆ ತಾಗಿಸಿ ಹಿಂದಕ್ಕೆ ಸರಿಸಿದ್ದಕ್ಕೆ ಬಾರೋಶ್ ಓಟ. ರೆಹಾಗೆಲ್ ಅವರು ಕೊಲರ್‌ಗೆ ಮಿಹಾಲಿಸ್ ಕಾಪ್ಸಿಸ್ ಅವರನ್ನೂ ಬಾರೋಶ್‌ಗೆ ಯೂರ್ಕಾಸ್ ಸೀತಾರಿದಿಸ್ ಅವರನ್ನೂ ಕಟ್ಟಿಹಾಕಿದರು. ಕೊಲರ್ ಜೊತೆ ಎತ್ತರದಲ್ಲಿ ಕಾಪ್ಸಿಸ್ ಗೆಲ್ಲಲಾರರು. ಗೆಲ್ಲಬೇಕಾಗಿಯೂ ಇರಲಿಲ್ಲ. ಮೈಗೆ ಮೈ ತಾಗಿಸಿ ನಿಂತು, ಹೆಡರ್ ಸಲೀಸಾಗಿ ಹೋಗದಂತೆ ಮಾಡಿದರೆ ಸಾಕಿತ್ತು. ಆ ತಲೆ ತಾಗಿದ ಚೆಂಡು ಬೀಳುವ ಜಾಗದಲ್ಲಿ ಡೆಲ್ಲಾಸ್ ಇರುತ್ತಿದ್ದರು.

ಇಲ್ಲಿ ಸ್ವೀಪರ್ ಪದ್ಧತಿಯ ದೌರ್ಬಲ್ಯವೂ ಡೆಲ್ಲಾಸ್ ಅವರ ಮೈಕಟ್ಟೂ ಒಂದಕ್ಕೊಂದು ಹೊಂದಿಕೊಂಡವು. ಅಷ್ಟು ಎತ್ತರದವರು ತಿರುಗಿ ಓಡುವುದರಲ್ಲಿ ನಿಧಾನ. ಮುಂದೆ ಸರಿದ ಸಾಲಿನಲ್ಲಿ ನಿಲ್ಲಿಸಿದರೆ ಅವರ ಬೆನ್ನ ಹಿಂದೆ 40 ಮೀಟರ್ ಬಯಲು. ಬಾರೋಶ್ ಅಂಥವರ ಜೊತೆ ಓಟದ ಪಂದ್ಯವಾಗುತ್ತಿತ್ತು. ಮೊದಲೇ ಹಿಂದೆ ನಿಂತವರಿಗೆ ಓಡುವ ಅಗತ್ಯವಿಲ್ಲ, ಚೆಂಡು ತಾನಾಗಿಯೇ ಎದುರಿಗೆ ಬರುತ್ತದೆ. ಮುಂದೆ ಮಿಡ್‌ಫೀಲ್ಡಿನಲ್ಲಿ ಬೆವರು ಸುರಿಸಿ ದುಡಿಯುವವರು ಇದ್ದರು, ಆದ್ದರಿಂದ ಆ 20 ಮೀಟರ್ ದೂರದ ಶಾಟ್‌ಗಳಿಗೆ ಅವಕಾಶ ಕಡಿಮೆಯಾಯಿತು. ಅದೃಷ್ಟವೂ ಇತ್ತು. ತೊಮಾಶ್ ರೊಸಿಟ್‌ಸ್ಕಿ ಆರಂಭದಲ್ಲೇ ಹೊಡೆದ ಶಾಟ್ ಕ್ರಾಸ್‌ಬಾರ್‌ಗೆ ಬಡಿಯಿತು, ನಾಯಕ ಪಾವೆಲ್ ನೆಡ್ವೆಡ್ ಮೊದಲ ಅರ್ಧದಲ್ಲೇ ಮೊಣಕಾಲು ನೋವಿನಿಂದ ಹೊರನಡೆದರು.

ಬೆಳ್ಳಿ ಗೋಲು ಎಂಬ ನಿಯಮ

90 ನಿಮಿಷದಲ್ಲಿ 0–0. ನಾಕೌಟ್ ಪಂದ್ಯ ಸಮವಾದರೆ 15 ನಿಮಿಷಗಳ ಎರಡು ಭಾಗ, ಒಟ್ಟು 30 ನಿಮಿಷ ಹೆಚ್ಚುವರಿ ಆಟ. ಆಗಲೂ ಸಮವಾದರೆ ಪೆನಾಲ್ಟಿ ಶೂಟೌಟ್. ಇಂದಿನ ನಿಯಮ ಇದೇ. ನಡುವೆ ಕೆಲವು ವರ್ಷ ಬೇರೆ ಪ್ರಯೋಗಗಳು ನಡೆದವು.

ಮೊದಲು ಬಂದದ್ದು ‘ಚಿನ್ನದ ಗೋಲು’. ಹೆಚ್ಚುವರಿ ಸಮಯದಲ್ಲಿ ಯಾರಾದರೂ ಗೋಲು ಹೊಡೆದ ಕ್ಷಣವೇ ಪಂದ್ಯ ಮುಗಿಯುತ್ತಿತ್ತು. 1996 ಮತ್ತು 2000ದ ಯೂರೋ ಫೈನಲ್‌ಗಳು ಹೀಗೆಯೇ ತೀರ್ಮಾನವಾದವು. ತಂಡಗಳು ದಾಳಿಗೆ ಇಳಿಯಲಿ ಎಂಬುದು ಉದ್ದೇಶ. ಆದದ್ದು ಉಲ್ಟಾ. ಒಂದು ತಪ್ಪಾದರೆ ತಿದ್ದಿಕೊಳ್ಳಲು ಅವಕಾಶವೇ ಇಲ್ಲವೆಂಬ ಹೆದರಿಕೆಯಿಂದ ಎರಡೂ ಕಡೆಯವರು ಹಿಂದೆ ಸರಿದು ಕೂತರು.

ಅದನ್ನು ಸರಿಪಡಿಸಲು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ತಂದದ್ದು ‘ಬೆಳ್ಳಿ ಗೋಲು’. ಗೋಲು ಬಿದ್ದ ತಕ್ಷಣ ಪಂದ್ಯ ನಿಲ್ಲುವುದಿಲ್ಲ, ನಡೆಯುತ್ತಿರುವ 15 ನಿಮಿಷದ ಭಾಗ ಮುಗಿಯುವ ತನಕ ಆಟ ಮುಂದುವರಿಯುತ್ತದೆ. ಆ ಭಾಗ ಮುಗಿದಾಗ ಯಾರು ಮುಂದಿದ್ದಾರೋ ಅವರು ಗೆದ್ದಂತೆ. 91ನೇ ನಿಮಿಷದಲ್ಲಿ ಗೋಲು ಬಿದ್ದರೆ ಎದುರಾಳಿಗೆ 14 ನಿಮಿಷ ಸಿಗುತ್ತದೆ. 105ರಲ್ಲಿ ಬಿದ್ದರೆ ಏನೂ ಸಿಗುವುದಿಲ್ಲ. ನಿಯಮದ ಕುಂದು ಇದೇ, ಮತ್ತು ಡೆಲ್ಲಾಸ್ ಗೋಲು ಅದನ್ನು ಇಡೀ ಜಗತ್ತಿಗೆ ತೋರಿಸಿಕೊಟ್ಟಿತು.

2004ರ ಜುಲೈ 1, ಪೋರ್ಟೊ ನಗರದ ಡ್ರಗಾವ್ ಕ್ರೀಡಾಂಗಣ. ಭಾರತದಲ್ಲಿ ಆಗಲೇ ಜುಲೈ 2; ಪಂದ್ಯ ಶುರುವಾದದ್ದು ನಮ್ಮ ಗಡಿಯಾರದಲ್ಲಿ ರಾತ್ರಿ 12.15ಕ್ಕೆ. ಹೆಚ್ಚುವರಿ ಸಮಯದ ಮೊದಲ 15 ನಿಮಿಷ ದಾಟಿ, ಸೇರಿಸಿದ ಸಮಯ ನಡೆಯುತ್ತಿತ್ತು. ಗ್ರೀಸಿಗೆ ಬಲಗಡೆಯಿಂದ ಕಾರ್ನರ್. ಬದಲಿ ಆಟಗಾರನಾಗಿ ಬಂದಿದ್ದ ವಾಸಿಲಿಸ್ ತ್ಸಿಯಾರ್ತಾಸ್ ಎಡಗಾಲಿನಿಂದ ಒದೆದರು. ಬಲಮೂಲೆಯಿಂದ ಎಡಗಾಲಲ್ಲಿ ಒದೆದ ಚೆಂಡು ಗೋಲಿನ ಕಡೆಗೇ ಬಾಗುತ್ತದೆ. ಡೆಲ್ಲಾಸ್ ಹತ್ತಿರದ ಕಂಬದ ಕಡೆಗೆ ಓಡಿ ಬಂದು ತಲೆ ತಾಗಿಸಿದರು. ಗೋಲ್‌ಕೀಪರ್ ಪೆಟರ್ ಚೆಕ್ ಅವರನ್ನು ದಾಟಿ ಚೆಂಡು ಒಳಗೆ.

ಹತ್ತಿರದ ಕಂಬದ ಈ ಓಟ ತಡೆಯಲು ಯಾಕೆ ಕಷ್ಟ ಎಂದರೆ, ಚೆಂಡು ಗಾಳಿಯಲ್ಲಿರುವ ಹೊತ್ತು ಕಡಿಮೆ. ಕಾಯುವವನು ಚೆಂಡನ್ನೂ ಓಡಿ ಬರುವ ಆಳನ್ನೂ ಒಟ್ಟಿಗೆ ನೋಡಲಾರ. ಗೋಲಿನತ್ತಲೇ ಬರುತ್ತಿರುವ ಚೆಂಡಿಗೆ ಜೋರಾಗಿ ಹೊಡೆಯಬೇಕಾಗಿಯೂ ಇಲ್ಲ, ದಿಕ್ಕು ಸ್ವಲ್ಪ ಬದಲಾದರೆ ಸಾಕು. ಅಷ್ಟು ಹತ್ತಿರದಿಂದ ಬಂದದ್ದಕ್ಕೆ ಗೋಲ್‌ಕೀಪರ್ ಕೈ ಎತ್ತುವಷ್ಟೂ ಸಮಯವಿರುವುದಿಲ್ಲ. ತಪ್ಪುವುದೂ ಸುಲಭವೇ. ಓಟ ಅರ್ಧ ಸೆಕೆಂಡ್ ಮೊದಲಾದರೆ ಚೆಂಡು ತಲೆಯ ಹಿಂದೆ ಹೋಗುತ್ತದೆ. ತಡವಾದರೆ ಮೊದಲ ಡಿಫೆಂಡರ್ ಹೊರಗೆ ಹೊಡೆದುಬಿಡುತ್ತಾನೆ.

ಚೆಕ್ ತಂಡಕ್ಕೆ ಉತ್ತರ ಕೊಡಲು ಸಮಯ ಉಳಿದಿರಲಿಲ್ಲ. ಯೂರೋ ಇತಿಹಾಸದಲ್ಲಿ ಬೆಳ್ಳಿ ಗೋಲಿನಿಂದ ತೀರ್ಮಾನವಾದ ಪಂದ್ಯ ಇದೊಂದೇ. ನಿಯಮವನ್ನು ಕೈಬಿಡಬೇಕೆಂದು ಆ ವರ್ಷದ ಆರಂಭದಲ್ಲೇ ನಿರ್ಧಾರವಾಗಿತ್ತು, ಟೂರ್ನಿ ಮುಗಿದ ಮೇಲೆ ಮತ್ತೆ ಬಳಕೆಯಾಗಲಿಲ್ಲ. ಜುಲೈ 4ರಂದು ಲಿಸ್ಬನ್‌ನಲ್ಲಿ ಆಂಗೆಲೋಸ್ ಖಾರಿಸ್ತೆಯಾಸ್ 57ನೇ ನಿಮಿಷದಲ್ಲಿ ಹೊಡೆದ ಹೆಡರ್‌ನಿಂದ ಗ್ರೀಸ್ ಫೈನಲ್ ಗೆದ್ದಿತು. ಮೂರು ನಾಕೌಟ್ ಪಂದ್ಯ, ಮೂರೂ 1–0, ಮೂರೂ ಹೆಡರ್, ಮೂರೂ ಬಲಗಡೆಯಿಂದ ಬಂದ ಚೆಂಡು. ಯುಇಎಫ್‌ಎ ಆರಿಸಿದ ಟೂರ್ನಿಯ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಡೆಲ್ಲಾಸ್ ಹೆಸರೂ ಇತ್ತು.

ಆಮೇಲಿನ ಎಂಟು ವರ್ಷ

ಒಂದು ಉಪಾಯ ಎಲ್ಲರಿಗೂ ಗೊತ್ತಾದ ಮೇಲೆ ಕೆಲಸ ಮಾಡುವುದು ಕಷ್ಟ. ಗ್ರೀಸ್ 2006ರ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 2008ರ ಯೂರೋದಲ್ಲಿ ಸ್ವೀಡನ್, ರಷ್ಯಾ, ಸ್ಪೇನ್ ಎದುರು ಮೂರೂ ಪಂದ್ಯ ಸೋತಿತು. ಎದುರಾಳಿಗಳು ಗ್ರೀಸಿನ ಮೇಲೆ ಮುಗಿಬೀಳುವುದನ್ನು ಬಿಟ್ಟಿದ್ದರು. ಚೆಂಡನ್ನು ಗ್ರೀಸಿಗೇ ಬಿಟ್ಟುಕೊಟ್ಟು ಕಾಯುತ್ತಿದ್ದರು. ಹಿಂದೆ ಮೂವರು ಸೆಂಟರ್‌ಬ್ಯಾಕ್‌ಗಳನ್ನಿಟ್ಟ ತಂಡಕ್ಕೆ ಆ ಚೆಂಡಿನಿಂದ ಏನು ಮಾಡಬೇಕೆಂದು ತಿಳಿಯಲಿಲ್ಲ. ಆ ಟೂರ್ನಿಯ ನಂತರ ಡೆಲ್ಲಾಸ್ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು.

ಕ್ಲಬ್ ಆಟ ಮುಂದುವರಿಯಿತು. 2005ರಲ್ಲಿ ಮತ್ತೆ ಎಇಕೆ. 2008ರಲ್ಲಿ ಸೈಪ್ರಸ್‌ನ ಅನೊರ್ಥೊಸಿಸ್ ಫಮಗುಸ್ತಾ. ಆ ವರ್ಷ ಅನೊರ್ಥೊಸಿಸ್ ಚಾಂಪಿಯನ್ಸ್ ಲೀಗ್ ಗುಂಪು ಹಂತ ತಲುಪಿದ ಮೊದಲ ಸೈಪ್ರಸ್ ಕ್ಲಬ್ ಆಯಿತು, ಇಂಟರ್ ಮಿಲಾನ್ ಜೊತೆ 3–3 ಡ್ರಾ ಮಾಡಿಕೊಂಡಿತು. 2010ರಲ್ಲಿ ಮೂರನೇ ಬಾರಿ ಎಇಕೆ, 2011ರಲ್ಲಿ ಮತ್ತೊಂದು ಗ್ರೀಕ್ ಕಪ್, 2012ರಲ್ಲಿ ನಿವೃತ್ತಿ.

ಕ್ಲಬ್ ಒಂದು ಮೂರನೇ ದರ್ಜೆಗೆ ಹೋಗುವುದು ಹೇಗೆ

ಐಪಿಎಲ್ ನೋಡಿ ಅಭ್ಯಾಸವಾದ ನಮಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಅದೇ ಲೀಗ್. ಯುರೋಪಿನ ಫುಟ್‌ಬಾಲ್‌ನಲ್ಲಿ ಲೀಗ್‌ಗಳು ಒಂದರ ಕೆಳಗೊಂದು ಇರುತ್ತವೆ. ಪ್ರತಿ ವರ್ಷ ಕೊನೆಯ ಸ್ಥಾನದವರು ಕೆಳಗಿನ ದರ್ಜೆಗೆ ಇಳಿಯುತ್ತಾರೆ, ಕೆಳಗೆ ಗೆದ್ದವರು ಮೇಲೇರುತ್ತಾರೆ. ಗ್ರೀಸಿನಲ್ಲಿ ಆಗ ಮೇಲಿನದು ಸೂಪರ್ ಲೀಗ್, ಎರಡನೆಯದು ಫುಟ್‌ಬಾಲ್ ಲೀಗ್, ಮೂರನೆಯದು ಫುಟ್‌ಬಾಲ್ ಲೀಗ್ 2.

ಎಇಕೆ ಸಾಮಾನ್ಯ ಕ್ಲಬ್ ಅಲ್ಲ. ಕಾನ್‌ಸ್ಟಾಂಟಿನೋಪಲ್‌ನಿಂದ, ಅಂದರೆ ಇಂದಿನ ಇಸ್ತಾಂಬುಲ್‌ನಿಂದ ನಿರಾಶ್ರಿತರಾಗಿ ಬಂದ ಗ್ರೀಕರು 1924ರಲ್ಲಿ ಅಥೆನ್ಸ್‌ನಲ್ಲಿ ಕಟ್ಟಿದ್ದು. ಹಳದಿ ಕಪ್ಪು ಬಣ್ಣ, ಲಾಂಛನದಲ್ಲಿ ಎರಡು ತಲೆಯ ಹದ್ದು. 2013ರ ಹೊತ್ತಿಗೆ 11 ಬಾರಿ ಲೀಗ್ ಗೆದ್ದಿತ್ತು, ಒಮ್ಮೆಯೂ ಕೆಳಗಿನ ದರ್ಜೆಗೆ ಇಳಿದಿರಲಿಲ್ಲ. ಆದರೆ ವರ್ಷಗಳಿಂದ ಸಾಲ ಬೆಳೆದಿತ್ತು. ಗ್ರೀಸಿನ ಆರ್ಥಿಕ ಕುಸಿತದಲ್ಲಿ ಹಣ ಹಾಕುವವರೂ ಇರಲಿಲ್ಲ. ಅನುಭವಿಗಳು ಹೊರಟುಹೋಗಿ ತಂಡದಲ್ಲಿ ಬಹುಪಾಲು ಹುಡುಗರೇ ಉಳಿದರು.

2013ರ ಏಪ್ರಿಲ್‌ನಲ್ಲಿ, ಋತು ಮುಗಿಯಲು ಕೆಲವೇ ಪಂದ್ಯಗಳಿದ್ದಾಗ, ಕೋಚ್ ಎವಾಲ್ಡ್ ಲೀನೆನ್ ಅವರನ್ನು ಬಿಡಿಸಿ ಡೆಲ್ಲಾಸ್‌ಗೆ ಜವಾಬ್ದಾರಿ ಕೊಟ್ಟರು. ಏಪ್ರಿಲ್ 14ರಂದು ಪಂಥ್ರಾಕಿಕೋಸ್ ಎದುರು 87ನೇ ನಿಮಿಷದಲ್ಲಿ ಎಇಕೆ ಆಟಗಾರನಿಂದಲೇ ಸ್ವಂತ ಗೋಲಿಗೆ ಚೆಂಡು ಹೋಯಿತು. ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು, ಪಂದ್ಯ ನಿಂತಿತು. ಪಂದ್ಯವನ್ನು ಎದುರಾಳಿಗೆ ಕೊಟ್ಟು, ಎಇಕೆಯಿಂದ 3 ಅಂಕ ಕಳೆದರು. 16 ತಂಡಗಳಲ್ಲಿ 15ನೇ ಸ್ಥಾನ, ಹಿಂಬಡ್ತಿ.

ನಿಯಮದ ಪ್ರಕಾರ ಹೋಗಬೇಕಾದದ್ದು ಎರಡನೇ ದರ್ಜೆಗೆ. ಎಇಕೆ ಇನ್ನೂ ಒಂದು ಮೆಟ್ಟಿಲು ಕೆಳಗೆ, ಮೂರನೇ ದರ್ಜೆಗೆ ಹೋಯಿತು. ಯಾಕೆ?

ಗ್ರೀಸಿನಲ್ಲಿ ದೊಡ್ಡ ಕ್ಲಬ್ ಎಂದರೆ ಕಾನೂನಿನ ಕಣ್ಣಿನಲ್ಲಿ ಎರಡು ಸಂಸ್ಥೆಗಳು. ಮೂಲ ಹವ್ಯಾಸಿ ಕ್ರೀಡಾ ಸಂಘ ಒಂದು. ಹೆಸರು, ಲಾಂಛನ, ಇತಿಹಾಸ ಅದರದ್ದು. ವೃತ್ತಿಪರ ಫುಟ್‌ಬಾಲ್ ನಡೆಸುವ ಷೇರು ಕಂಪನಿ ಇನ್ನೊಂದು. ಆಟಗಾರರ ಕರಾರು, ಸಂಬಳ, ತೆರಿಗೆ, ಸಾಲ ಎಲ್ಲ ಅದರ ಹೆಸರಿನಲ್ಲಿ. ವೃತ್ತಿಪರ ದರ್ಜೆಯಲ್ಲಿ ಮುಂದುವರಿಯಬೇಕಾದರೆ ಆ ಕಂಪನಿ ಬಾಕಿಗಳನ್ನು ಇತ್ಯರ್ಥ ಮಾಡಿ ಪರವಾನಗಿ ಪಡೆಯಬೇಕು. ಎಇಕೆ ಕಂಪನಿಗೆ ಅದು ಅಸಾಧ್ಯವಾಗಿತ್ತು. ಹಾಗಾಗಿ ಕಂಪನಿಯನ್ನು ದಿವಾಳಿಗೆ ಬಿಟ್ಟು, ಮೂಲ ಸಂಘವೇ ತನ್ನ ಹೆಸರಿನಲ್ಲಿ ಮೂರನೇ ದರ್ಜೆಯಿಂದ ಆಟ ಶುರುಮಾಡಿತು. ಉದ್ಯಮಿ ಡಿಮಿಟ್ರಿಸ್ ಮೆಲಿಸಾನಿದಿಸ್ ಈ ಹೊಸ ಆರಂಭದ ಮುಂದಾಳು. ವೃತ್ತಿಪರ ದರ್ಜೆಗೆ ಮರಳುವಾಗ ಹೊಸ ಕಂಪನಿ, ಹಳೆಯ ಸಾಲದ ಹೊರೆಯಿಲ್ಲ.

ಇದು ಪುಕ್ಕಟೆ ಸಿಗುವ ದಾರಿಯಲ್ಲ. ಕಂಪನಿ ಹೋದರೆ ಆಟಗಾರರ ಕರಾರುಗಳೂ ಹೋಗುತ್ತವೆ, ಯಾರು ಬೇಕಾದರೂ ಬಿಟ್ಟು ಹೋಗಬಹುದು, ಮಾರಾಟದ ಹಣ ಒಂದು ಪೈಸೆಯೂ ಬರುವುದಿಲ್ಲ. ಮೇಲಿನ ದರ್ಜೆಯ ಟಿವಿ ಹಣವಿಲ್ಲ, ಯುರೋಪಿನ ಟೂರ್ನಿಗಳಿಲ್ಲ. ಒಂದೂ ತಪ್ಪಿಲ್ಲದೆ ಆಡಿದರೂ ಮೇಲೆ ಬರಲು ಕನಿಷ್ಠ ಎರಡು ವರ್ಷ. ಒಂದು ವರ್ಷ ಎಡವಿದರೆ ಮೂರು. ಹಳೆಯ ಕಂಪನಿಯಿಂದ ಹಣ ಬರಬೇಕಾಗಿದ್ದವರಿಗೆ ಆಗುವ ಅನ್ಯಾಯ ಬೇರೆ. ಆದರೂ ಮರುವರ್ಷ ಇದೇ ದಾರಿಯನ್ನು ಇನ್ನೊಂದು ಹಳೆಯ ಕ್ಲಬ್ ಹಿಡಿಯಿತು: ಡೆಲ್ಲಾಸ್ ಆಟ ಕಲಿತ ಅರಿಸ್.

ಮ್ಯಾನೇಜರ್ ಮುಂದಿದ್ದ ಸಮಸ್ಯೆ

ಡೆಲ್ಲಾಸ್ ಬಿಟ್ಟು ಹೋಗಲಿಲ್ಲ. 2013–14ರಲ್ಲಿ ಎಇಕೆ ಮೂರನೇ ದರ್ಜೆಯ ತನ್ನ ಗುಂಪನ್ನು ಗೆದ್ದಿತು. 2014–15ರಲ್ಲಿ ಎರಡನೇ ದರ್ಜೆಯ ದಕ್ಷಿಣ ಗುಂಪನ್ನೂ ಪ್ಲೇಆಫ್ ಹಂತವನ್ನೂ ಗೆದ್ದು ಸೂಪರ್ ಲೀಗ್‌ಗೆ ಮರಳಿತು. ಬೇಕಾದದ್ದು ಕನಿಷ್ಠ ಎರಡು ವರ್ಷ, ತೆಗೆದುಕೊಂಡದ್ದೂ ಎರಡೇ ವರ್ಷ.

ದೊಡ್ಡ ಕ್ಲಬ್ ಕೆಳಗಿನ ದರ್ಜೆಯಲ್ಲಿ ಗೆಲ್ಲಲೇಬೇಕಲ್ಲ, ಅದರಲ್ಲೇನು ಹೆಚ್ಚುಗಾರಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರತಿ ವಾರ ಎದುರಾಳಿ 10 ಮಂದಿಯನ್ನು ತನ್ನ ಗೋಲಿನ ಮುಂದೆ ನಿಲ್ಲಿಸುತ್ತಾನೆ. ಅವನಿಗೆ 0–0 ಆದರೂ ಹಬ್ಬ, ಎಇಕೆಗೆ ಅದು ಸೋಲಿನ ಸಮ. 2004ರಲ್ಲಿ ತಾವು ಹಿಂದೆ ನಿಂತು ದೊಡ್ಡವರನ್ನು ತಡೆದಿದ್ದ ಡೆಲ್ಲಾಸ್, ಈಗ ಆ ದೊಡ್ಡವರ ಜಾಗದಲ್ಲಿದ್ದರು.

ಮುಚ್ಚಿದ ರಕ್ಷಣೆಯನ್ನು ಒಡೆಯಲು ಫುಲ್‌ಬ್ಯಾಕ್‌ಗಳನ್ನು ಅಂಚಿನಲ್ಲಿ ಮುಂದೆ ಕಳಿಸಿ ಎದುರಾಳಿಯ ಸಾಲನ್ನು ಅಗಲಿಸಬೇಕು, ಚೆಂಡನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇಗ ಬೇಗ ದಾಟಿಸಬೇಕು, ಕಾರ್ನರ್ ಮತ್ತು ಫ್ರೀಕಿಕ್‌ಗಳನ್ನು ಗೋಲಾಗಿಸಬೇಕು. ಹೀಗೆ ಎಲ್ಲರೂ ಮುಂದೆ ಹೋದಾಗ ಹಿಂದೆ ಉಳಿಯುವವರೆಷ್ಟು ಎಂಬುದು ಕೋಚ್ ಮಾಡುವ ಅತಿ ಮುಖ್ಯ ಲೆಕ್ಕ. ಎದುರಾಳಿ ಮುಂದೆ ಒಬ್ಬನನ್ನು ಬಿಟ್ಟಿದ್ದರೆ ಇಬ್ಬರು ಹಿಂದಿರಬೇಕು, ಇಬ್ಬರನ್ನು ಬಿಟ್ಟಿದ್ದರೆ ಮೂವರು. ಯಾವಾಗಲೂ ಒಬ್ಬ ಹೆಚ್ಚು. ಸ್ವೀಪರ್ ಎಂಬ ಹುದ್ದೆ ಹೋಗಿದೆ, ಅದರ ಹಿಂದಿದ್ದ ಲೆಕ್ಕ ಹೋಗಿಲ್ಲ. ಈ ಲೆಕ್ಕ ತಪ್ಪಿದ ದಿನ ಏನಾಗುತ್ತದೆ ಎಂಬುದು ಎಲ್ಲ ದೊಡ್ಡ ತಂಡಗಳಿಗೂ ಗೊತ್ತು: 80 ನಿಮಿಷ ಚೆಂಡು ತಮ್ಮ ಬಳಿಯಲ್ಲೇ, ಒಂದು ಉದ್ದನೆಯ ಪಾಸ್, ಒಂದು ಗೋಲು, ಪಂದ್ಯ ಹೋಯಿತು.

ಸೂಪರ್ ಲೀಗ್‌ಗೆ ಬಂದಾಗ ಲೆಕ್ಕ ಮತ್ತೆ ತಿರುಗಿತು. ಎರಡು ವರ್ಷ ದಾಳಿಯನ್ನೇ ರೂಢಿ ಮಾಡಿಕೊಂಡ ತಂಡ, ಈಗ ತನಗಿಂತ ಬಲಶಾಲಿಗಳ ಎದುರು ನಿಲ್ಲಬೇಕು. 2015ರ ಅಕ್ಟೋಬರ್‌ನಲ್ಲಿ ಒಲಿಂಪಿಯಾಕೋಸ್ ಎದುರು 0–4ರ ಸೋಲಾಯಿತು. ಮಾರ್ಕೊ ಸಿಲ್ವಾ ಕೋಚ್ ಆಗಿದ್ದ ಆ ಒಲಿಂಪಿಯಾಕೋಸ್ ಋತುವಿನ ಮೊದಲ 17 ಲೀಗ್ ಪಂದ್ಯಗಳನ್ನೂ ಗೆದ್ದ ತಂಡ. ಅದರ ಎದುರು ಸೋಲುವುದು ಅಸಹಜವೇನಲ್ಲ, ಆದರೆ ಎಇಕೆ ಅಭಿಮಾನಿಗಳಿಗೆ ಹಳೆಯ ಎದುರಾಳಿಯ ಕೈಲಿ ನಾಲ್ಕು ಗೋಲು ಸಹಿಸಲಾಗದ ಮಾತು. ಡೆಲ್ಲಾಸ್ ರಾಜೀನಾಮೆ ಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ ಅವರ ಜಾಗಕ್ಕೆ ಗುಸ್ ಪೊಯೆಟ್ ಬಂದರು.

ಎಇಕೆ ನಂತರ

ಡೆಲ್ಲಾಸ್ ಆಮೇಲೆ ಸೂಪರ್ ಲೀಗ್‌ನ ಅಟ್ರೊಮಿಟೋಸ್, ಪನೆಟೋಲಿಕೋಸ್ ತಂಡಗಳಿಗೆ ಮ್ಯಾನೇಜರ್ ಆದರು. ಅಲ್ಲಿ ಪ್ರಶಸ್ತಿಯ ಮಾತಿಲ್ಲ. ಚಿಕ್ಕ ಬಜೆಟ್, ಪ್ರತಿ ಬೇಸಿಗೆಯಲ್ಲಿ ಒಳ್ಳೆಯ ಆಟಗಾರರನ್ನು ಮಾರಬೇಕಾದ ಅನಿವಾರ್ಯ, ದರ್ಜೆ ಉಳಿಸಿಕೊಳ್ಳುವುದೇ ವರ್ಷದ ಗುರಿ. ಇಂಥ ಕೆಲಸದಲ್ಲಿ ಮ್ಯಾನೇಜರ್ ಹೆಸರು ಸುದ್ದಿಯಾಗುವುದು ಅವರನ್ನು ಬಿಡಿಸಿದಾಗ ಮಾತ್ರ.

ಎಇಕೆ 2016ರ ಮೇ ತಿಂಗಳಲ್ಲಿ ಅದೇ ಒಲಿಂಪಿಯಾಕೋಸ್ ತಂಡವನ್ನು 2–1ರಿಂದ ಸೋಲಿಸಿ ಗ್ರೀಕ್ ಕಪ್ ಗೆದ್ದಿತು. 2018ರಲ್ಲಿ, 24 ವರ್ಷಗಳ ನಂತರ, ಲೀಗ್ ಗೆದ್ದಿತು. 2022ರಲ್ಲಿ ತನ್ನದೇ ಹೊಸ ಕ್ರೀಡಾಂಗಣಕ್ಕೆ ಹೋಯಿತು, 2023ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು. 2016ರ ಫೈನಲ್‌ನಲ್ಲಿ ಗೋಲು ಹೊಡೆದವರಲ್ಲಿ ಒಬ್ಬರು ಪೆಟ್ರೋಸ್ ಮಂಟಾಲೋಸ್. ಮುಂದೆ ತಂಡದ ನಾಯಕರಾಗಿ ಆ ಎರಡೂ ಲೀಗ್ ಪ್ರಶಸ್ತಿಗಳಲ್ಲಿ ಪಾಲು ಪಡೆದ ಮಂಟಾಲೋಸ್ ಎಇಕೆಗೆ ಬಂದದ್ದು 2014ರ ಬೇಸಿಗೆಯಲ್ಲಿ, ಕ್ಲಬ್ ಎರಡನೇ ದರ್ಜೆಯಲ್ಲಿದ್ದಾಗ, ಡೆಲ್ಲಾಸ್ ಮ್ಯಾನೇಜರ್ ಆಗಿದ್ದಾಗ.